ಅತ್ತೆಯವರ ಲಕ್ಕಿ ಬೆಣ್ಣೆ

ನನಗೆ ಕೇಳುವುದು ಬರುವುದಿಲ್ಲ. ಓದುವುದು ಬರುತ್ತದೆ, ಬರೆಯುವುದೂ ಬರುತ್ತದೆ. ಕಂಪ್ಲಿ ಹತ್ತಿರದ ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಮೇಷ್ಟ್ರು ಕಲಿಸಿದ್ದು ಇನ್ನೂ ತಲೆಯಲ್ಲಿದೆ. ಆದರೆ ಎದುರಿಗಿರುವವರ ಮುಖ ನೋಡಿ ಇದು ಹೇಗೆ, ಇದು ಯಾಕೆ ಎಂದು ಕೇಳಬೇಕಾದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ಮದುವೆಯಾದ ಹೊಸತರಲ್ಲಿ ತವರಿಗೆಂದು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಎಂದು ಬೋರ್ಡು ಇದ್ದ ಬಸ್ಸು ಹತ್ತಿ ಕುಳಿತೆ. ಡ್ರೈವರು ಬೋರ್ಡು ಬದಲಾಯಿಸುವುದನ್ನು ಮರೆತಿದ್ದ. ಕಂಡಕ್ಟರಿಗೆ ಮಾತಾಡದೆ ದುಡ್ಡು ಚಾಚಿದ್ದೆ, ಅವನು ಬಸ್ಸು ಹೋಗುವ ಊರಿಗೇ ಟಿಕೆಟ್ ಹರಿದುಕೊಟ್ಟಿದ್ದ. ಊರು ದಾಟಿದ ಮೇಲೆ ಗದ್ದೆಗಳ ಬದಲು ಕೆಂಪು ಗುಡ್ಡ, ಕೆಂಪು ರಸ್ತೆ, ಕೆಂಪು ಲಾರಿ ಕಾಣಿಸತೊಡಗಿದವು. ಪಕ್ಕದಲ್ಲಿ ಕುಳಿತಿದ್ದ ಹೆಂಗಸನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಸಂಡೂರಿನವರೆಗೆ ಸುಮ್ಮನೆ ಹೋಗಿ, ಅದೇ ಬಸ್ಸು ತಿರುಗಿ ಹೊರಡುವವರೆಗೆ ನೆರಳಲ್ಲಿ ನಿಂತು, ಅದರಲ್ಲೇ ವಾಪಸು ಬಂದೆ. ನಿಮ್ಮ ಅಜ್ಜ ಎಷ್ಟೋ ವರ್ಷ ಅದನ್ನೇ ಹೇಳಿ ನಗುತ್ತಿದ್ದರು. "ನಮ್ಮಾಕಿ ತವರುಮನಿ ಸಂಡೂರಾಗೂ ಒಂದೈತ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆಗ ನಾನೂ ನಗುತ್ತಿದ್ದೆ. ಕೇಳದೆ ಇರುವುದರಿಂದ ಆಗುವ ನಷ್ಟ ಒಂದು ಹೊತ್ತಿನ ಊಟ, ಒಂದಷ್ಟು ಬಿಸಿಲು, ಅಷ್ಟೇ ಎಂದುಕೊಂಡಿದ್ದೆ.

ನಿಮ್ಮ ಅಜ್ಜ ಲಾರಿ ಮೆಕ್ಯಾನಿಕ್. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಅವರ ವಿಶೇಷ ಏನೆಂದರೆ, ಎಂಜಿನ್ನಿನಲ್ಲಿ ಏನು ಕೆಟ್ಟಿದೆ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದರು. ಎಂಜಿನ್ ಚಾಲೂ ಮಾಡಿಸಿ, ಅಂಗೈಯನ್ನು ಅದರ ಮೈಮೇಲೆ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಕೈ ತೆಗೆದು ಇಂಥದ್ದು ಎನ್ನುತ್ತಿದ್ದರು. ಡ್ರೈವರುಗಳು ಅದನ್ನು ಕೈಗುಣ ಎಂದು ಕರೆಯುತ್ತಿದ್ದರು. ನಮ್ಮ ಕಡೆ ವೈದ್ಯರಿಗೆ, ಸೂಲಗಿತ್ತಿಗೆ, ಬೀಜ ಹಾಕುವವರಿಗೆ ಹೇಳುವ ಮಾತು ಅದು.

ಆದರೆ ಆ ಕೈ ನೆಟ್ಟಗಿರಲಿಲ್ಲ. ಡೀಸೆಲ್ಲು, ಗ್ರೀಸು, ಅದಿರಿನ ಧೂಳು ಮೂರೂ ಸೇರಿ ಅಂಗೈ ಒಣಗಿ ಬಿರಿಯುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ಸೀಳು ಬಿಟ್ಟ ಕಡೆ ಒಳಗಿನ ಕೆಂಪು ಕಾಣುತ್ತಿತ್ತು. ಗೆಣ್ಣುಗಳಲ್ಲಿ ನೋವು. ರೊಟ್ಟಿ ಮುರಿಯುವಾಗ ಮುಖ ಕಿವುಚುತ್ತಿದ್ದರು. ಖಾರದ ಪಲ್ಯ ಇದ್ದ ದಿನ ಚಮಚ ಕೇಳುತ್ತಿದ್ದರು. ಎಣ್ಣೆ ಹಚ್ಚಿದರೆ ಬಿರುಕಿಗೆ ಹಿತ, ಆದರೆ ನಟ್ಟು ಬಿಚ್ಚುವ ಪಾನಾ ಕೈಯಿಂದ ಜಾರುತ್ತಿತ್ತು. ಒಮ್ಮೆ ಹಾಗೆ ಜಾರಿ ಕಾಲಿನ ಮೇಲೆ ಬಿದ್ದಿತ್ತು. ಎಣ್ಣೆ ಹಚ್ಚದಿದ್ದರೆ ಚರ್ಮ ಮರಗಟ್ಟಿ ಎಂಜಿನ್ನಿನ ನಡುಕ ತಿಳಿಯುತ್ತಿರಲಿಲ್ಲ. ಅಂದರೆ ಆ ಕೈಗೆ ಬೇಕಾದದ್ದು ಒಳಗೆ ಇಂಗಬೇಕು, ಮೇಲೆ ಜಿಡ್ಡು ಉಳಿಯಬಾರದು. ಅಂಥದ್ದು ಒಂದೇ ಇತ್ತು. ಅದನ್ನು ಮಾಡುವವರು ಹೊಸಪೇಟೆಯ ನಮ್ಮ ಚಿತ್ತವಾಡ್ಗಿಯಲ್ಲಿ ಒಬ್ಬರೇ ಇದ್ದರು. ಅವರು ನನ್ನ ಅತ್ತೆ.

ನಾವು ಅದನ್ನು ಲಕ್ಕಿ ಬೆಣ್ಣೆ ಎನ್ನುತ್ತಿದ್ದೆವು. ಅದರಲ್ಲಿ ಹಾಲಿನ ಬೆಣ್ಣೆ ಒಂದು ಚೂರೂ ಇರಲಿಲ್ಲ. ನೋಡಲು ಹಾಗೆ ಬೆಳ್ಳಗೆ, ಮೆತ್ತಗೆ ಇರುತ್ತಿತ್ತು, ಅದಕ್ಕೆ ಆ ಹೆಸರು. ಲಕ್ಕಿ ಗಿಡ ಕಾಲುವೆಯ ಏರಿಯ ಮೇಲೂ ಹಂಪಿಯ ಬಂಡೆಗಳ ಸಂದಿಯಲ್ಲೂ ಬೇಕಾದಷ್ಟು ಬೆಳೆಯುತ್ತದೆ. ಅದರ ಸೊಪ್ಪನ್ನು ಅರ್ಧ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸುತ್ತಿದ್ದರು, ಅರ್ಧ ನೀರಿನಲ್ಲಿ ಕುದಿಸುತ್ತಿದ್ದರು. ಎರಡನ್ನೂ ಸೋಸಿ, ಕಂಚಿನ ಗಂಗಾಳದಲ್ಲಿ ಎಣ್ಣೆ ಹಾಕಿಕೊಂಡು, ನೀರನ್ನು ಸ್ವಲ್ಪ ಸ್ವಲ್ಪ ಬಿಡುತ್ತ ಅಂಗೈಯಿಂದ ಉಜ್ಜಿ ಉಜ್ಜಿ ಕಡೆಯುತ್ತಿದ್ದರು. ಗಂಗಾಳ ಅಲುಗದಂತೆ ಹಿಡಿದುಕೊಳ್ಳುವುದು, ನೀರು ಬಿಡುವುದು ನನ್ನ ಕೆಲಸ.

ಸೊಪ್ಪು ತರಲು ಅತ್ತೆಯವರು ನನ್ನನ್ನೂ ನಿಮ್ಮ ಅಜ್ಜನನ್ನೂ ಹಂಪಿ ಕಡೆಗೆ ಕಳಿಸುತ್ತಿದ್ದರು. ಕಾಲುವೆಯ ಏರಿ ಮನೆಗೆ ಹತ್ತಿರ ಇದ್ದರೂ, "ಬಂಡಿ ಸಂದ್ಯಾಗಿನ ಲಕ್ಕಿಗೆ ಘಾಟು ಜಾಸ್ತಿ, ಅಲ್ಲಿಂದನ ತರ್ರಿ" ಎನ್ನುತ್ತಿದ್ದರು. ತುಂಬಿದ ಮನೆಯಲ್ಲಿ ಗಂಡನ ಜೊತೆ ಮಾತಾಡಲೂ ನಾಚುತ್ತಿದ್ದ ನನಗೆ ಸೈಕಲ್ಲಿನ ಹಿಂದೆ ಕುಳಿತು ಹೋಗುವ ಆ ದಾರಿ ಒಂದೇ ನಮ್ಮದೇ ಅನ್ನುವ ಹೊತ್ತು. ನಿಮ್ಮ ಅಜ್ಜ ಬಿರಿದ ಬೆರಳಿನಿಂದ ಸೊಪ್ಪು ಕೀಳಲಾರದೆ ಇಡೀ ಕೊಂಬೆಯನ್ನು ಮೊಣಕೈಯಲ್ಲಿ ಸಿಕ್ಕಿಸಿ ಬಗ್ಗಿಸಿ ಹಿಡಿಯುತ್ತಿದ್ದರು, ನಾನು ಬಿಡಿಸುತ್ತಿದ್ದೆ. "ಜಲ್ದಿ ಮುಗಿಸಬ್ಯಾಡ" ಎನ್ನುತ್ತಿದ್ದರು. ಘಾಟಿನ ಮಾತು ನಿಜವೋ, ಅತ್ತೆಯವರು ಬೇಕೆಂದೇ ನಮ್ಮನ್ನು ಅಷ್ಟು ದೂರ ಕಳಿಸುತ್ತಿದ್ದರೋ, ಅದನ್ನೂ ನಾನು ಕೇಳಲಿಲ್ಲ.

ಬೆಣ್ಣೆ ಸುಲಭಕ್ಕೆ ಆಗುತ್ತಿರಲಿಲ್ಲ. ಎಷ್ಟು ಕಡೆದರೂ ಎಣ್ಣೆ ಬೇರೆ, ನೀರು ಬೇರೆಯಾಗಿಯೇ ಇರುತ್ತಿತ್ತು. ಒಂದು ಹಂತದಲ್ಲಿ ಅತ್ತೆಯವರು ಕೈ ನಿಲ್ಲಿಸಿ ಬೆವರು ಒರೆಸಿಕೊಂಡು ಹೇಳುತ್ತಿದ್ದರು:

"ಏ ಹುಡುಗಿ, ಎಲಿಡಬ್ಬಿ ತಗೊಂಬಾ."

ಹಿತ್ತಾಳೆಯ ಎಲೆ ಅಡಿಕೆ ಡಬ್ಬಿ ಅದು. ತಂದು ಅವರ ಪಕ್ಕದಲ್ಲಿಟ್ಟು ನಾನು ಒಳಗೆ ಹೋಗುತ್ತಿದ್ದೆ. ಹಿರಿಯರು ಎಲೆ ಹಾಕಿಕೊಳ್ಳುವಾಗ ಸೊಸೆ ಎದುರಿಗೆ ಕೂರಬಾರದು ಎಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಇಷ್ಟೇ ಆಗಿದ್ದರೆ ಬೇರೆ ಮಾತು. ಒಳಗೆ ಹೋದ ಮೇಲೆ ನನಗೆ ಇನ್ನೊಂದು ಅನ್ನಿಸುತ್ತಿತ್ತು. ಸರಿಯಾಗಿ ಇದೇ ಹೊತ್ತಿಗೆ ನನ್ನನ್ನು ಎಬ್ಬಿಸುತ್ತಾರೆ ಎಂದರೆ ಮದ್ದಿನ ಗುಟ್ಟು ಇಲ್ಲಿದೆ, ಅದನ್ನು ನಾನು ನೋಡುವುದು ಅವರಿಗೆ ಬೇಡ ಎಂದುಕೊಳ್ಳುತ್ತಿದ್ದೆ. ಅದಕ್ಕೇ ಕರೆಯುವವರೆಗೆ ಹೊರಗೆ ಬರುತ್ತಿರಲಿಲ್ಲ. ಮತ್ತೆ ಬಂದು ನೋಡಿದರೆ ಗಂಗಾಳದಲ್ಲಿ ಬೆಳ್ಳನೆಯ ಬೆಣ್ಣೆ ಕೂಡಿಕೊಂಡು ಬರುತ್ತಿರುತ್ತಿತ್ತು. ಅತ್ತೆಯವರ ಬಾಯಿ ಕೆಂಪಗಿರುತ್ತಿತ್ತು.

ನೆರೆಯ ಹೆಂಗಸರು ಬಟ್ಟಲು ಹಿಡಿದು ಬರುತ್ತಿದ್ದರು. ಒಬ್ಬಾಕೆ ಧೈರ್ಯ ಮಾಡಿ, "ಹೆಂಗ ಮಾಡ್ತೀಯವ್ವಾ ಇದನ್ನ? ನಮಗೂ ಹೇಳು" ಎಂದಳು. ಅತ್ತೆಯವರು ನಕ್ಕು, "ಕೇಳ್ದಾರಿಗೆ ಹೇಳ್ತೀನಿ. ಆದ್ರ ನೀ ಕೇಳೋದು ಬಾಯಾಗಿಂದ, ಕೈಯಾಗಿಂದ ಅಲ್ಲ. ದಿನಾ ಬಂದು ಗಂಗಾಳ ಹಿಡಿತೀಯೇನು?" ಎಂದರು. ಆಕೆ ಮತ್ತೆ ಬರಲಿಲ್ಲ. ಆಕೆ ಹೋದ ಮೇಲೆ ಅತ್ತೆಯವರು ನನ್ನ ಕಡೆ ತಿರುಗಿ, "ಕೇಳದ ಹೇಳಿದ ಮದ್ದು ಮೈಗೆ ಹತ್ತಂಗಿಲ್ಲ ನೋಡು. ಇಸ್ಕೊಳ್ಳಾರು ಕೇಳಬೇಕು, ಆಮ್ಯಾಲೆ ಕೊಡಬೇಕು. ನಮ್ಮತ್ತಿ ನನಗ ಹಂಗ ಕೊಟ್ಟಿದ್ದು" ಎಂದರು.

ಈಗ ನೆನೆದರೆ ಗೊತ್ತಾಗುತ್ತದೆ. ಅದು ನನಗೇ ಹೇಳಿದ ಮಾತು. ದಿನಾ ಗಂಗಾಳ ಹಿಡಿಯುತ್ತಿದ್ದವಳು ನಾನು. ಕೇಳು ಎಂದು ಬಾಗಿಲು ತೆರೆದಿಟ್ಟಿದ್ದರು. ಆದರೆ ನಮ್ಮ ತವರಿನ ಕಡೆ ಬೇರೆ ನಂಬಿಕೆ. ಮದ್ದು ಗೊತ್ತಿದ್ದ ಹಿರಿಯರನ್ನು ಅದು ಹೇಗೆ ಎಂದು ಕೇಳಬಾರದು. ಕೇಳಿದರೆ, ನೀನು ಇನ್ನು ಹೊರಡು, ಅದನ್ನು ನನಗೆ ಬಿಟ್ಟು ಹೋಗು ಎಂದ ಹಾಗೆ. ಬದುಕಿರುವವರ ಕೊರಳಿನಿಂದ ಸರ ಬಿಚ್ಚಿಕೊಂಡ ಹಾಗೆ. ಅವರೇ ಕರೆದು ಹೇಳಿದಾಗ ಕಲಿಯಬೇಕು. ನಾನು ಅವರು ಕರೆಯಲಿ ಎಂದು ಕಾಯುತ್ತಿದ್ದೆ. ಅವರು ನಾನು ಕೇಳಲಿ ಎಂದು ಕಾಯುತ್ತಿದ್ದರು. ಇಬ್ಬರೂ ಒಂದೇ ಗಂಗಾಳದ ಎರಡು ಅಂಚಿನಲ್ಲಿ ಕುಳಿತಿದ್ದೆವು.

ಅವರು ಹಾಸಿಗೆ ಹಿಡಿದದ್ದು ಒಂದು ಬೇಸಿಗೆಯಲ್ಲಿ. ಮಾತು ಕಡಿಮೆಯಾಗಿತ್ತು, ಆದರೆ ತಿಳಿವು ಚೆನ್ನಾಗಿತ್ತು. ಎಲೆ ಅಡಿಕೆ ಜಗಿಯಬಾರದು ಎಂದು ಡಾಕ್ಟರು ಹೇಳಿದ್ದರು. ಆದರೂ ಡಬ್ಬಿ ತಲೆದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ನಿಮ್ಮ ಅಜ್ಜ ಊಟಕ್ಕೆ ಬಂದವರು ಬಾಗಿಲಲ್ಲಿ ನಿಂತು ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿದ್ದ ಬೆಣ್ಣೆ ತಳ ಕಂಡಿತ್ತು. ಅತ್ತೆಯವರು ಮಗನ ಕೈ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಡಬ್ಬಿಯ ಮೇಲೆ ಕೈಯಿಟ್ಟು ಅದನ್ನು ಸ್ವಲ್ಪ ನನ್ನ ಕಡೆಗೆ ಸರಿಸಿದರು.

"ಏನರ ಕೇಳೋದೈತೇನು?" ಎಂದರು.

ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಾಸಿಗೆ ಹಿಡಿದವರ ಮುಂದೆ ಕುಳಿತು ಅದನ್ನು ಕೇಳುವುದು ಹೇಗೆ? ಅವರು ಹೋಗುತ್ತಾರೆ ಎಂದು ನಾನೇ ಒಪ್ಪಿಕೊಂಡ ಹಾಗಲ್ಲವೇ?

"ಏನಿಲ್ಲರಿ ಅತ್ತಿ" ಎಂದೆ. ಅವರಿಗೆ ಎಲೆಯ ಆಸೆಯಾಗಿದೆ ಎಂದು ತಿಳಿದು, "ಡಾಕ್ಟರು ಬ್ಯಾಡ ಅಂದಾರ್ರಿ" ಎನ್ನುತ್ತ ಡಬ್ಬಿ ಎತ್ತಿ ಗೋಡೆಯ ಗೂಡಿನಲ್ಲಿಟ್ಟೆ. ಅವರು ನನ್ನನ್ನು ನೋಡಿದರು. ಬೈಯುತ್ತಾರೇನೋ ಅಂದುಕೊಂಡೆ. "ಆತು ಬಿಡು, ಗಂಜಿ ಆರಿತು, ಹಾಕು" ಎಂದರು. ಆ ವಾರ ದಾಟಲಿಲ್ಲ.

ದಿನಕರ್ಮ ಎಲ್ಲ ಮುಗಿದ ಮೇಲೆ ನಾನು ಲಕ್ಕಿ ತರಿಸಿ ಗಂಗಾಳ ಇಳಿಸಿದೆ. ಎಣ್ಣೆ ಅದೇ, ನೀರು ಅದೇ, ಕೈ ಮಾತ್ರ ನನ್ನದು. ಕಡೆದೆ. ಬೆಳ್ಳಗಾದ ಹಾಗೆ ಕಾಣುತ್ತಿತ್ತು, ಕೈ ನಿಲ್ಲಿಸಿದ ಕೂಡಲೇ ಒಡೆಯುತ್ತಿತ್ತು. ಎಣ್ಣೆ ಮೇಲೆ, ನೀರು ಕೆಳಗೆ. ಬಿಸಿಯಲ್ಲಿ ಕಡೆದೆ, ಆರಿಸಿ ಕಡೆದೆ. ಮೊಸರು ಕಡೆಯುವ ಕಡಗೋಲು ಹಾಕಿದೆ. ಗೋಧಿಹಿಟ್ಟು ಬೆರೆಸಿದೆ, ಅದು ಅಂಟಾಗಿ ಮರುದಿನ ಹುಳಿ ವಾಸನೆ ಹೊಡೆಯಿತು. ನಿಮ್ಮ ಅಜ್ಜ ಬಂದು ಗಂಗಾಳಕ್ಕೆ ಇಣುಕಿ, "ಬೆಣ್ಣಿ ಮಾಡಾಕ ಹೋಗಿ ಮಜ್ಜಿಗಿ ಮಾಡಿಟ್ಟೀಯಲ್ಲ. ಉಪ್ಪು ಹಾಕು, ಕುಡಿದುಬಿಡ್ತೀನಿ" ಎಂದು ನಗಿಸಲು ನೋಡಿದರು. ನಾನು ಅತ್ತುಬಿಟ್ಟೆ. ಅವರಿಗೆ ಗಾಬರಿಯಾಗಿ, "ಏ, ಇರ್ಲಿ ಬಿಡು, ಕೈಗೇನಾಗೈತಿ, ಇನ್ನೂ ಅದಾವ" ಎಂದು ಎರಡೂ ಕೈ ಎತ್ತಿ ತೋರಿಸಿದರು.

ನಳದ ಹತ್ತಿರ ನೀರಿಗೆ ನಿಂತಾಗ ಹಿಂದೆ ಮಾತು ಕೇಳಿಸಿತು. "ಅತ್ತಿ ಕೈಗುಣ ಸೊಸಿಗಿ ಬರಲಿಲ್ಲ ನೋಡು. ಆಕಿ ಪುಣ್ಯವಂತಿ, ಜೊತಿಗಿ ತಗೊಂಡು ಹೋದ್ಲು." ನಾನು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದೆ.

ನಿಮ್ಮ ಅಜ್ಜನ ಕೈನೋವಿಗೆ ಡಾಕ್ಟರು ಮೊದಲು ಗುಳಿಗೆ ಕೊಟ್ಟರು. ಅವರ ಹೊಟ್ಟೆ ತಡೆಯಲಿಲ್ಲ. ಉರಿ, ಹುಳಿತೇಗು, ಊಟ ಸೇರದು. ಆಮೇಲೆ ಡಾಕ್ಟರು ಒಂದು ಟ್ಯೂಬು ಬರೆದುಕೊಟ್ಟು, "ಇದು ಹೊಟ್ಟೆಗೆ ಹೋಗೋದಲ್ಲ. ಚರ್ಮದಿಂದಲೇ ಒಳಗೆ ಇಳಿದು ನೋವಿರೋ ಜಾಗಕ್ಕೆ ಮುಟ್ಟುತ್ತೆ" ಎಂದರು. ಒಡೆದ ಜಾಗಕ್ಕೆ ತಾಗದಂತೆ ಹಚ್ಚಿ ಎಂದೂ ಹೇಳಿದರು. ಲೋಳೆಸರದ ತಿರುಳಿನ ಹಾಗೆ ತಿಳಿಯಾದ, ತಣ್ಣನೆಯ ಜೆಲ್ ಅದು. ಗೆಣ್ಣಿನ ಮೇಲೆ ಹಚ್ಚಿದ ಸ್ವಲ್ಪ ಹೊತ್ತಿಗೆ ನಿಮ್ಮ ಅಜ್ಜ ಆರಾಮ ಎಂದರು. ಆದರೆ ಆ ಕೈಯಲ್ಲಿ ಒಡೆಯದ ಜಾಗ ಎಲ್ಲಿತ್ತು? ಎಲ್ಲಿ ಹಚ್ಚಿದರೂ ಬಿರುಕಿಗೆ ಇಳಿದು ಮೆಣಸಿನಪುಡಿ ಹಾಕಿದ ಹಾಗೆ ಉರಿಯುತ್ತಿತ್ತು. ಕೈ ಝಾಡಿಸುತ್ತ ಹಿತ್ತಲಿಗೆ ಓಡಿ ನೀರಿಗೆ ಅದ್ದುತ್ತಿದ್ದರು. ಬಿರುಕಿಗೆ ಬೇರೆ ಮುಲಾಮೂ ತಂದೆವು. ಅದು ಎಣ್ಣೆಗಿಂತ ಹೆಚ್ಚು ಜಾರುತ್ತಿತ್ತು. ಬೇರೆ ಏನಾದರೂ ಇದೆಯೇ ಎಂದು ಡಾಕ್ಟರನ್ನು ಮತ್ತೆ ಕೇಳಬಹುದಿತ್ತು. ನಿಮ್ಮ ಅಜ್ಜನಿಗೆ ವರ್ಕ್‌ಶಾಪಿನಿಂದ ಬಿಡುವಿರಲಿಲ್ಲ. ಬಿಡುವಿದ್ದ ನನಗೆ ಬಾಯಿರಲಿಲ್ಲ.

ಹೀಗೆ ವರ್ಷಗಳು ಹೋದವು. ಅಂಗೈ ಲಾಳದ ಹಾಗೆ ಗಟ್ಟಿಯಾಯಿತು. ಒಂದು ಸಂಜೆ ಬೇಗ ಮನೆಗೆ ಬಂದವರು ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕುಳಿತರು. ಒಂದು ಲಾರಿಯ ಎಂಜಿನ್ನಿನ ಮೇಲೆ ಕೈಯಿಟ್ಟು ಏನೂ ಇಲ್ಲ ಎಂದಿದ್ದರಂತೆ. ಲಾರಿ ಸಂಡೂರು ಘಾಟಿ ಏರುವಾಗ ನಿಂತುಬಿಟ್ಟಿತಂತೆ. ಯಾರಿಗೂ ಏನೂ ಆಗಿರಲಿಲ್ಲ, ಮಾಲೀಕರು ಬೈಯಲೂ ಇಲ್ಲ.

"ಕೈ ಇಟ್ಟೆ. ಗ್ವಾಡಿ ಮ್ಯಾಲೆ ಇಟ್ಟಂಗ ಆತು" ಎಂದರು.

ಅದಾದ ಮೇಲೆ ಬಹಳ ದಿನ ಅಲ್ಲಿ ಉಳಿಯಲಿಲ್ಲ. ಗಾದಿಗನೂರಿನ ಹತ್ತಿರ ಲಾರಿ ನಿಲ್ಲಿಸುವ ಒಂದು ಜಾಗದಲ್ಲಿ ಕಾವಲು ಕೆಲಸಕ್ಕೆ ಹೋದರು. ಲಾರಿಗಳ ನಡುವೆಯೇ ಕೂರುತ್ತಿದ್ದರು, ಮುಟ್ಟುತ್ತಿರಲಿಲ್ಲ. ಯಾವುದಾದರೂ ಎಂಜಿನ್ ಕೆಮ್ಮುವುದು ಕೇಳಿದರೆ ತಲೆ ಎತ್ತುತ್ತಿದ್ದರಂತೆ. ನಿಮ್ಮಲ್ಲಿ ದೊಡ್ಡವಳು ಹುಟ್ಟಿದಾಗ ಕೂಸನ್ನು ಎತ್ತಿಕೊಳ್ಳಲು ಒಪ್ಪಲಿಲ್ಲ. "ನನ್ನ ಕೈ ಗರಗಸ ಆಗೈತಿ, ಕೂಸಿನ ಮೈ ಹರಿತೈತಿ" ಎಂದು ಅಂಗೈ ಮಗುಚಿ, ಕೈಯ ಹಿಂಭಾಗದಿಂದ ಅದರ ಕೆನ್ನೆ ಸವರಿದರು. ನಿಮ್ಮನ್ನೆಲ್ಲ ಅವರು ಮುಟ್ಟಿದ್ದು ಹಾಗೇ. ಅಜ್ಜ ನಮ್ಮನ್ನು ಯಾಕೆ ಎತ್ತಿಕೊಳ್ಳುತ್ತಿರಲಿಲ್ಲ ಎಂದು ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದ್ದರೆ, ಕಾರಣ ಇದು. ನಿಮ್ಮ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ.

ಅವರು ತೀರಿಕೊಂಡ ಮೇಲೆ ನಾನು ಗಂಗಾಳವನ್ನು ಅಟ್ಟಕ್ಕೆ ಹಾಕಿದೆ. ಅದನ್ನು ಕೆಳಗಿಳಿಸಿದವಳು ಅದೇ ದೊಡ್ಡವಳು. ಈಗ ಫಾರ್ಮಸಿ ಓದುತ್ತಾಳೆ, ನಿಮಗೆ ಗೊತ್ತೇ ಇದೆ. ಚರ್ಮದ ಮೂಲಕ ಔಷಧ ಒಳಗೆ ಕಳಿಸುವ ಜೆಲ್ಲು, ಎಣ್ಣೆ ನೀರು ಕೂಡಿಸಿ ಮಾಡುವ ಎಮಲ್ಶನ್ನು, ಇವುಗಳ ಮೇಲೆ ಅವಳ ಪ್ರಾಜೆಕ್ಟು. ಹೋದ ವರ್ಷ ರಜೆಗೆ ಬಂದವಳು ಅಡುಗೆಮನೆಯಲ್ಲಿ ಲಕ್ಕಿ ಎಣ್ಣೆ, ಲಕ್ಕಿ ಕಷಾಯ ಇಟ್ಟುಕೊಂಡು ನನ್ನ ಎದುರಿಗೆ ಕುಳಿತಳು. ಕಾಲೇಜಿನಲ್ಲಿ ಕೂಡಿಸುವ ಪುಡಿಗಳಿವೆಯಂತೆ, ಅವು ಹಾಕಿದರೆ ಯಾವುದಾದರೂ ಕೂಡುತ್ತದಂತೆ. ಅವಳಿಗೆ ಬೇಕಾಗಿದ್ದು ಮುತ್ತಜ್ಜಿ ಅವು ಯಾವುವೂ ಇಲ್ಲದೆ ಹೇಗೆ ಕೂಡಿಸಿದರು ಎಂಬುದು.

ನನಗೆ ಅರ್ಥವಾಗುವ ಹಾಗೆ ಹೇಳಿದಳು. ಚರ್ಮ ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ, ಅದರ ಮೇಲಿನ ಪದರದಲ್ಲಿ ಜಿಡ್ಡಿದೆ. ಬರೀ ಎಣ್ಣೆಯಾದರೆ ಮೇಲೆಯೇ ಕೂರುತ್ತದೆ. ಎಣ್ಣೆಯೊಳಗೆ ನೀರಿನ ಸಣ್ಣ ಹನಿಗಳನ್ನೋ, ನೀರಿನೊಳಗೆ ಎಣ್ಣೆಯ ಹನಿಗಳನ್ನೋ ಹಿಡಿದು ನಿಲ್ಲಿಸಿದರೆ ಎರಡರ ಗುಣವೂ ಸಿಗುತ್ತದೆ. ಅಜ್ಜನಿಗೆ ಉರಿದದ್ದು ಜೆಲ್ಲಿನ ತಪ್ಪಲ್ಲ, ಅದರಲ್ಲಿ ಸ್ಪಿರಿಟ್ಟಿನಂಥದ್ದು ಇರುತ್ತದೆ, ಒಡೆಯದ ಚರ್ಮಕ್ಕೆ ಅದು ಒಳ್ಳೆಯದೇ ಎಂದಳು. ಆಮೇಲೆ ಕೇಳತೊಡಗಿದಳು. ಆ ಹುಡುಗಿಗೆ ಕೇಳುವುದಕ್ಕೆ ನಾಚಿಕೆಯೇ ಇಲ್ಲ. ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

"ಅಜ್ಜಿ, ಒಡಿಯೋದು ನಿಂತು ಕೂಡಾಕ ಶುರು ಆಗಿದ್ದು ಯಾವಾಗ?"

"ನಾನು ಒಳಗ ಹೋಗಿ ಬರೋದ್ರಾಗ."

"ಒಳಗ ಯಾಕ ಹೋಗ್ತಿದ್ದಿ?"

"ಅತ್ತಿ ಎಲಿಡಬ್ಬಿ ತರಾಕ ಹೇಳ್ತಿದ್ರು. ಕೊಟ್ಟು ಹೋಗ್ತಿದ್ದೆ."

"ಹೋಗು ಅಂತಿದ್ರಾ?"

ಇಲ್ಲ, ಒಂದು ಸಲವೂ ಹೋಗು ಎಂದಿರಲಿಲ್ಲ.

"ಎಲಿಗೆ ಸುಣ್ಣ ಹಚ್ಚಿದ್ಮ್ಯಾಲೆ ಬೆರಳು ಎಲ್ಲಿ ಒರಸ್ತಿದ್ರು?"

ಇದೆಂಥ ಪ್ರಶ್ನೆ ಎಂದುಕೊಂಡೆ. ಎಲೆ ಹಾಕುವ ಹಿರಿಯರಿದ್ದ ಮನೆ ಯಾವುದಾದರೂ ನೋಡಿ, ಪಡಸಾಲೆಯ ಕಂಬದ ಮೇಲೆ ಸುಣ್ಣದ ಗೀರು ಇದ್ದೇ ಇರುತ್ತದೆ. ಬೆರಳಲ್ಲಿ ಉಳಿದ ಸುಣ್ಣವನ್ನು ಕಂಬಕ್ಕೆ ಒರೆಸುವುದು ಎಲ್ಲರ ರೂಢಿ. ನಮ್ಮ ಕಂಬ ಮಾತ್ರ ಸ್ವಚ್ಛ. ಅತ್ತೆಯವರ ಅಚ್ಚುಕಟ್ಟು ಎಂದು ನಾನು ಮೆಚ್ಚಿಕೊಂಡಿದ್ದೆ. ಆ ಸುಣ್ಣ ಎಲ್ಲಿಗೆ ಹೋಗುತ್ತಿತ್ತು ಎಂದು ಯೋಚಿಸಿರಲಿಲ್ಲ. ಒಮ್ಮೆಲೇ ಕಣ್ಣೆದುರು ಬಂತು. ಒಳಗೆ ಹೋಗುವಾಗ ಓರೆಗಣ್ಣಿಗೆ ಕಂಡದ್ದು. ಅತ್ತೆಯವರು ಎಲೆ ಬಾಯಿಗಿಟ್ಟುಕೊಂಡು, ಬೆರಳುಗಳನ್ನು ಕಷಾಯದ ಬಟ್ಟಲಿನಲ್ಲಿ ಅದ್ದಿ ತೊಳೆಯುತ್ತಿದ್ದರು. ಬೇರೆ ನೀರು ಹತ್ತಿರ ಇಲ್ಲದ್ದಕ್ಕೆ ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ.

"ಕಷಾಯದಾಗ" ಎಂದೆ.

ಹುಡುಗಿ ಎದ್ದು ನಿಂತಳು. "ಸುಣ್ಣದ ನೀರು ಮತ್ತ ಎಣ್ಣಿ! ಅಜ್ಜಿ, ಇದು ಹಳೇ ಕಾಲದ ಪುಸ್ತಕದಾಗೂ ಐತಿ. ಸುಣ್ಣ ಎಣ್ಣಿಗೆ ಕೂಡಿದ್ರ ಒಂಥರಾ ಸಾಬೂನು ಆಗತೈತಿ. ಅದು ಒಂದು ಕೈಲೆ ನೀರು ಹಿಡಿತೈತಿ, ಇನ್ನೊಂದು ಕೈಲೆ ಎಣ್ಣಿ ಹಿಡಿತೈತಿ. ಮದುವಿ ಕುದುರಿಸೋ ನಡುವಿನ ಮನಷ್ಯಾ ಇದ್ದಂಗ."

ಅಂಗಡಿಯಿಂದ ಎಲೆಗೆ ಹಾಕುವ ಸುಣ್ಣ ತಂದು, ಕಷಾಯದಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಎಣ್ಣೆಗೆ ಬಿಡುತ್ತ ಬಂದಳು. ಈ ಸಲ ಗಂಗಾಳ ಹಿಡಿದವಳು ಅವಳು, ಕಡೆದವಳು ನಾನು. ಅಂಗೈ ಕೆಳಗೆ ಅದು ದಪ್ಪವಾಗುವುದು ತಿಳಿಯಿತು. ಕೈ ನಿಲ್ಲಿಸಿದೆ, ಒಡೆಯಲಿಲ್ಲ. ಮುಚ್ಚಿಟ್ಟು ಮರುದಿನ ನೋಡಿದೆವು, ಹಾಗೇ ಇತ್ತು. ಅದೇ ಬಿಳುಪು, ಅದೇ ಘಾಟು. ಹುಡುಗಿ ಕುಣಿದಾಡಿ ಫೋಟೋ ತೆಗೆದುಕೊಂಡಳು. ನಾನು ಹಿತ್ತಲಿಗೆ ಹೋಗಿ, ಅವರು ಉರಿಯುವ ಕೈ ಅದ್ದುತ್ತಿದ್ದ ತೊಟ್ಟಿಯ ಹತ್ತಿರ ನಿಂತೆ.

ಕೈಗುಣ ಅಂದದ್ದು ಇದನ್ನೇ. ಅತ್ತೆಯವರ ಕೈಯಲ್ಲಿದ್ದದ್ದು ಸುಣ್ಣ. ನನ್ನ ಕೈಯಲ್ಲಿ ಇಲ್ಲದ್ದು ಅದೊಂದೇ, ನಾನು ಎಲೆ ಹಾಕುತ್ತಿರಲಿಲ್ಲ. ಆ ಡಬ್ಬಿ ನಮ್ಮ ಮನೆಯ ಗೂಡಿನಲ್ಲಿ, ಗಂಗಾಳದಿಂದ ಕೈಚಾಚುವಷ್ಟು ಹತ್ತಿರದಲ್ಲಿ, ಅಷ್ಟೂ ವರ್ಷ ಕುಳಿತಿತ್ತು.

"ಮುತ್ತಜ್ಜಿಗೆ ಗೊತ್ತಿತ್ತಾ ಅಜ್ಜಿ, ಸುಣ್ಣದಿಂದ ಅಂತ?" ಎಂದು ಹುಡುಗಿ ಕೇಳಿದಳು. "ಇಲ್ಲಾ ಬರೀ ರೂಢಿ ಇತ್ತಾ?"

ಗೊತ್ತಿಲ್ಲ. ಅವರ ಅತ್ತೆಯೂ ಎಲೆ ಹಾಕುತ್ತಿದ್ದರೇನೋ, ಅವರು ಬೆರಳು ತೊಳೆದದ್ದನ್ನು ಇವರು ನೋಡಿ ಹಾಗೇ ಮಾಡಿದರೇನೋ. ಗೊತ್ತಿಲ್ಲದಿದ್ದರೆ ನಾನು ಕೇಳಿದ್ದರೂ ಅವರು ಏನು ಹೇಳುತ್ತಿದ್ದರು? ಹೀಗೆ ಅಂದುಕೊಂಡು ಒಂದೆರಡು ದಿನ ಸಮಾಧಾನ ಮಾಡಿಕೊಂಡೆ. ಆದರೆ ಆ ಮಧ್ಯಾಹ್ನ ಡಬ್ಬಿಯ ಮೇಲೆ ಕೈಯಿಟ್ಟು ನನ್ನ ಕಡೆ ಸರಿಸಿದ್ದು ಯಾಕೆ? ಎಲೆಯ ಆಸೆಗೋ, ಇದು ತಗೋ ಎಂದೋ? ಕೇಳಿದ್ದರೆ ಅದಾದರೂ ತಿಳಿಯುತ್ತಿತ್ತು. ಬೇಡ, ಕೇಳದೆ ಅಲ್ಲೇ ಕುಳಿತಿದ್ದರೂ ಸಾಕಿತ್ತು. ಡಬ್ಬಿ ತಂದಿಟ್ಟು ಒಳಗೆ ಹೋಗದೆ, ಗಂಗಾಳ ಹಿಡಿದುಕೊಂಡು ಇದ್ದಲ್ಲೇ ಇದ್ದಿದ್ದರೆ ಸಾಕಿತ್ತು. ಎಂಜಿನ್ನಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಲ್ಲುವ ಆ ಮನುಷ್ಯನನ್ನು ನೀವೂ ನೋಡಿರುತ್ತಿದ್ದಿರಿ. ಅವರ ಅಂಗೈ ನಿಮ್ಮ ಬೆನ್ನ ಮೇಲೆ ಒಮ್ಮೆಯಾದರೂ ಆಡಿರುತ್ತಿತ್ತು.

ನೀವು ಯಾರೂ ನನ್ನನ್ನು ಈ ಬೆಣ್ಣೆ ಹೇಗೆ ಎಂದು ಕೇಳಿಲ್ಲ. ಕೇಳಿದ್ದು ದೊಡ್ಡವಳು ಒಬ್ಬಳೇ. ಕೇಳದೆ ಹೇಳಿದ ಮದ್ದು ಮೈಗೆ ಹತ್ತುವುದಿಲ್ಲ ಎಂದು ಅತ್ತೆಯವರು ಹೇಳುತ್ತಿದ್ದರು. ಹತ್ತದಿದ್ದರೆ ಹತ್ತದೆ ಇರಲಿ, ನಾನು ಹೇಳಿಬಿಡುತ್ತೇನೆ. ಸೊಪ್ಪನ್ನು ನೆರಳಿನಲ್ಲಿ ಬಾಡಿಸಿಕೊಳ್ಳಿ. ಎಣ್ಣೆಯೂ ಕಷಾಯವೂ ಒಂದೇ ಹದಕ್ಕೆ ಬೆಚ್ಚಗಿರಲಿ. ಸುಣ್ಣ ಒಂದು ಕಡಲೆಕಾಳಿನಷ್ಟು ಸಾಕು, ಕದಡಿ ತಳಕ್ಕೆ ಇಳಿಯಲು ಬಿಡಿ, ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಿ. ಹೆಚ್ಚಾದರೆ ಚರ್ಮ ಸುಡುತ್ತದೆ, ಮೊದಲು ಮೊಣಕೈಯ ಒಳಗೆ ಹಚ್ಚಿ ನೋಡಬೇಕು ಎಂದು ದೊಡ್ಡವಳು ಹೇಳಿದ್ದಾಳೆ. ನೀರನ್ನು ಒಮ್ಮೆಲೇ ಸುರಿಯಬೇಡಿ. ಕಡೆಯುವಾಗ ಇನ್ನೊಬ್ಬರು ಗಂಗಾಳ ಹಿಡಿದಿರಲಿ, ಅವರನ್ನು ಯಾವ ಕೆಲಸಕ್ಕೂ ಎಬ್ಬಿಸಬೇಡಿ. ಡಬ್ಬಿ ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ ಸೀರೆಗಳ ಹಿಂದೆ ಇದೆ. ಅದರಲ್ಲಿ ಸುಣ್ಣ ತುಂಬಿಟ್ಟಿದ್ದೇನೆ.